ಕೂತು ಮಾಡುವ ಕೆಲಸ

ಬಿಳಿ ಅಂಗಿಯ ಕಾಲರು ಬೆಳಗಿನಿಂದ ಕುತ್ತಿಗೆಗೆ ಚುಚ್ಚುತ್ತಿತ್ತು. ಉಚ್ಚಂಗೆಪ್ಪ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಕಾಲರಿನೊಳಗೆ ಬೆರಳು ತೂರಿಸಿ ಎಳೆದುಕೊಂಡ, ಎಳೆದಷ್ಟೂ ಚುಚ್ಚಿತು. ಹದಿನಾಲ್ಕು ವರ್ಷ ಖಾಕಿಯೊಳಗೇ ಬೆವೆತ ಮೈ. ಖಾಕಿಗಾದರೆ ಗ್ರೀಸು ಹತ್ತಲಿ, ಸೋಡಾ ಚೆಲ್ಲಲಿ, ಕೇಳುವವರಿಲ್ಲ. ಇದು ಹಾಗಲ್ಲ. ಕತ್ತಲಗೆರೆ ಕಡೆಯ ಅಂಗಡಿಗಳಿಗೆ ಬೆಳಗಿನ ಸೋಡಾ ಪೆಟ್ಟಿಗೆ ಇಳಿಸುವಾಗ ಮೊಣಕೈಗಳನ್ನು ಮೈಯಿಂದ ದೂರ ಹಿಡಿದು, ಪಂಚೆ ಎತ್ತಿ ಕಟ್ಟಿ, ಕೆಸರು ದಾಟುವವನ ಹಾಗೆ ಓಡಾಡಿದ್ದ. ಬೀಡಿ ಅಂಗಡಿಯ ಸಣ್ಣತಿಮ್ಮಪ್ಪ ಬಿಡುತ್ತಾನೆಯೇ? ‘ಏನ್ಲೇ ಉಚ್ಚಂಗಿ, ಎರಡನೇ ಲಗ್ನನಾ? ಗಿಡ್ಡಮ್ಮಗೆ ಹೇಳೀಯೋ ಇಲ್ಲೋ?’ ಎಂದು ಕೂಗಿದ. ಅಂಗಡಿ ಮುಂದಿದ್ದವರೆಲ್ಲ ನಕ್ಕರು. ಉಚ್ಚಂಗೆಪ್ಪನೂ ನಕ್ಕ. ನಗದೆ ಇನ್ನೇನು ಹೇಳಬೇಕಿತ್ತು? ಹನ್ನೊಂದು ಗಂಟೆಗೆ ಚನ್ನಗಿರಿಯ ಪ್ರವಾಸಿ ಮಂದಿರದಲ್ಲಿ ನಮ್ಮ ಜುಂಜಪ್ಪ ಸತ್ತದ್ದರ ವಿಚಾರಣೆ ಐತೆ, ಅಲ್ಲಿ ಅವನೂ ಡ್ರೈವರಲ್ಲ ನಾನೂ ಡ್ರೈವರಲ್ಲ ಅಂತ ಹೇಳಾಕೆ ಸಾವ್ಕಾರ್ರು ಹೊಲಿಸಿಕೊಟ್ಟ ಅಂಗಿ ಕಣಪ್ಪ ಇದು, ಅನ್ನಬೇಕಿತ್ತೇ? ವ್ಯಾನಿನ ಹಿಂದೆ ಖಾಲಿ ಬಾಟಲಿಗಳ ಸದ್ದಿನ ನಡುವೆ ಬೇರೆಯದೇ ಒಂದು ಸದ್ದು, ದಡ್ ದಡ್ ಎಂದು, ಗುಂಡಿ ಸಿಕ್ಕಾಗಲೆಲ್ಲ ಎದ್ದು ಬೀಳುತ್ತಿತ್ತು. ಅದು ಕುರ್ಚಿ. ಗೋಡೌನಿನ ಮಡಿಸುವ ಕಬ್ಬಿಣದ ಕುರ್ಚಿ. ಪ್ರವಾಸಿ ಮಂದಿರದ ಜಗಲಿಯಲ್ಲಿ ಇರುವುದು ಎರಡೇ ಬೆತ್ತದ ಕುರ್ಚಿ, ಒಂದು ವಿಚಾರಣೆಗೆ ಬರುವ ಸಾಹೇಬರಿಗೆ, ಒಂದು ಸಾವ್ಕಾರರಿಗೆ. ಹಾಗಾಗಿ ಉಚ್ಚಂಗೆಪ್ಪ ತಾನು ಕೂರಬೇಕಾದ ಕುರ್ಚಿಯನ್ನು ತಾನೇ ಹೇರಿಕೊಂಡು ಹೊರಟಿದ್ದ.

ನಿನ್ನೆ ಸಂಜೆ ಆ ಕುರ್ಚಿಯಲ್ಲಿ ಕೂರುವುದನ್ನು ಅವನಿಗೆ ಕಲಿಸಲಾಗಿತ್ತು. ನಲವತ್ತೆರಡು ವರ್ಷದ ಗಂಡಸಿಗೆ ಕೂರುವುದನ್ನು ಕಲಿಸುವುದು! ಸೋಡಾ ಫ್ಯಾಕ್ಟರಿಯ ಜಗಲಿಯ ಮೇಲೆ ಸಾವ್ಕಾರ ಷಣ್ಮುಖಪ್ಪನವರು ತಮ್ಮ ಮರದ ಕುರ್ಚಿಯಲ್ಲಿ ಕೂತು, ಕಬ್ಬಿಣದ ಕುರ್ಚಿಯನ್ನು ಗೋಡೌನಿನಿಂದ ತರಿಸಿ, ತಮ್ಮಿಂದ ಒಂದು ಮಾರು ದೂರಕ್ಕೆ ಹಾಕಿಸಿ, ‘ಕೂತ್ಕೋ’ ಎಂದಿದ್ದರು. ‘ಬ್ಯಾಡ ಬಿಡ್ರಿ ಸಾವ್ಕಾರ್ರೆ, ನಿಂತೇ ಕೇಳ್ತೀನಿ.’ ‘ಲೇ, ನಿಂತ್ರೆ ಕೆಟ್ಟೆ ಕಣೋ. ನೀನು ನನ್ನ ಮುಂದೆ ನಿಂತಿದ್ದು ಕಂಡ್ರೆ ಆ ಸಾಹೇಬನಿಗೆ ಮತ್ತೇನೂ ಕೇಳೋದೇ ಬ್ಯಾಡ. ನೀನು ಕಂತ್ರಾಟುದಾರ. ನಾನೊಬ್ಬ ವ್ಯಾಪಾರಸ್ಥ, ನೀನೊಬ್ಬ ವ್ಯಾಪಾರಸ್ಥ. ಕೂತ್ಕೋ.’ ಕೂತ. ಕುಂಡೆಯ ತುದಿ ಮಾತ್ರ ಕುರ್ಚಿಗೆ ತಾಗಿತ್ತು, ಉಳಿದ ಭಾರವೆಲ್ಲ ತೊಡೆಯ ಮೇಲಿತ್ತು. ‘ಹಿಂದಕ್ಕೆ ಒರಗೋ.’ ಒರಗಿದ. ಅಷ್ಟರಲ್ಲಿ ಷಣ್ಮುಖಪ್ಪನವರು ಕೆಮ್ಮಿದರು, ಉಚ್ಚಂಗೆಪ್ಪ ಎದ್ದು ನಿಂತಿದ್ದ. ಯಾಕೆ ಎದ್ದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಆರಕ್ಕೆ ಫ್ಯಾಕ್ಟರಿಯ ಅಂಗಳದಲ್ಲಿ ಡ್ರೈವರುಗಳು ಸಾಲಾಗಿ ನಿಂತಿರುತ್ತಾರೆ. ವಿಭೂತಿ ಹಚ್ಚಿಕೊಂಡು ಸಾವ್ಕಾರರು ಜಗಲಿಗೆ ಬಂದು ಒಮ್ಮೆ ಕೆಮ್ಮುತ್ತಾರೆ. ಕೆಮ್ಮಿದ ಮೇಲೆ ಒಬ್ಬೊಬ್ಬರೇ ಮುಂದೆ ಹೋಗಿ ಬೊಗಸೆಯೊಡ್ಡಿ ವ್ಯಾನಿನ ಕೀಲಿ ಇಸಿದುಕೊಳ್ಳಬೇಕು. ಆ ಕೆಮ್ಮು ಅವನ ಮೊಣಕಾಲಿನೊಳಗೆ ಸೇರಿಕೊಂಡಿತ್ತು. ‘ಥೂ ನಿನ್ನ. ಮತ್ತೆ ಕೂತ್ಕೋ’ ಎಂದರು. ನಾಲ್ಕು ಸಲ ಕೂರಿಸಿದರು, ನಾಲ್ಕು ಸಲ ಬೇಕೆಂದೇ ಕೆಮ್ಮಿದರು. ಐದನೇ ಸಲಕ್ಕೆ ಮೊಣಕಾಲು ಅದುರಿತೇ ಹೊರತು ಅವನು ಏಳಲಿಲ್ಲ. ಆಗ ಒಳಗಿನಿಂದ ಪ್ರೇಮಮ್ಮನವರು ಗಂಡನಿಗೆ ಕಾಫಿ ತಂದರು. ಉಚ್ಚಂಗೆಪ್ಪನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ‘ಇದು ಗೋಡೌನಿಂದು ಅಲ್ವಾ?’ ಎಂದು ಗಂಡನನ್ನು ಕೇಳಿದರು. ‘ಹ್ಞೂಂ, ಗೋಡೌನಿಂದೇ’ ಎಂದ ಮೇಲೆ ಸಮಾಧಾನದಿಂದ ಒಳಗೆ ಹೋದರು.

ಕುರ್ಚಿಯ ಮಾತು ಬಂದರೆ ಅಪ್ಪ ಮೂಕಪ್ಪನ ನೆನಪಾಗುತ್ತದೆ. ಅಪ್ಪ ಗೌಡರ ಅಂಗಳದಲ್ಲಿ ನಿಂತೇ ಮುದುಕನಾದವನು. ಮಗ ಏಳನೇ ಕ್ಲಾಸು ಪಾಸು ಮಾಡಿ, ಲೈಸೆನ್ಸು ತೆಗೆದು, ಮೊದಲ ಸಲ ಸೋಡಾ ವ್ಯಾನನ್ನು ಕೇರಿಯ ಮುಂದೆ ತಂದು ನಿಲ್ಲಿಸಿದಾಗ ಮುದುಕ ಬಾಗಿಲು ತೆಗೆಸಿ ಡ್ರೈವರಿನ ಸೀಟನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದ್ದ. ‘ಮೆತ್ತಗೈತೆ. ಕೂತು ಮಾಡೋ ಕೆಲ್ಸ ಹಿಡಿದೆ ಬಿಡೋ ಮಗನೇ, ನಮ್ಮ ವಂಶದಾಗೆ ನೀನೇ ಮೊದಲು’ ಎಂದಿದ್ದ. ಆಮೇಲೆ ಕೇರಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದ. ಮಗ ಕೂರುವುದು ವ್ಯಾನಿನೊಳಗೆ ಮಾತ್ರ, ವ್ಯಾನಿನಿಂದ ಇಳಿದ ಕೂಡಲೇ ಅವನೂ ನಿಲ್ಲುತ್ತಾನೆ ಎನ್ನುವುದನ್ನು ಯಾರೂ ಮುದುಕನಿಗೆ ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ಸುಖವಾಗಿ ಸತ್ತ.

ಕಂತ್ರಾಟಿನ ಕಾಗದಕ್ಕೆ ಸಹಿ ಮಾಡಿದ್ದು ಹೋದ ವರ್ಷ, ಎಂಬತ್ನಾಲ್ಕರ ಕಾರ್ತೀಕದಲ್ಲಿ. ಹೊನ್ನಾಳಿ, ನ್ಯಾಮತಿ, ಜಗಳೂರು, ಮೂರು ಲೈನಿನ ಡ್ರೈವರುಗಳನ್ನೂ ಜಗಲಿಯ ಕೆಳಗೆ ನಿಲ್ಲಿಸಿ ಗುಮಾಸ್ತ ಬಸವರಾಜಪ್ಪ ಸ್ಟಾಂಪ್ ಪೇಪರು ಹಂಚಿದ. ಇನ್ನು ಮೇಲೆ ಸಂಬಳವಿಲ್ಲ, ಇಳಿಸಿದ ಪೆಟ್ಟಿಗೆಗಿಷ್ಟು ಅಂತ ಕಮಿಷನ್. ವ್ಯಾನು ಸಾವ್ಕಾರರದ್ದೇ ಆದರೂ ನಿಮ್ಮ ಸುಪರ್ದಿಗೆ. ‘ಇವತ್ತಿನಿಂದ ನೀವು ಆಳುಗಳಲ್ಲಪ್ಪ, ಮಾಲೀಕರಿದ್ದಂಗೆ’ ಎಂದ. ಜಗಳೂರು ಲೈನಿನ ಜುಂಜಪ್ಪನಿಗೆ ಹೆಸರು ಬರೆಯಲು ಬಿಟ್ಟು ಬೇರೇನೂ ಓದಲು ಬರುತ್ತಿರಲಿಲ್ಲ. ಅವನು ಕಾಗದವನ್ನು ಉಚ್ಚಂಗೆಪ್ಪನ ಮುಖದ ಮುಂದೆ ಹಿಡಿದು, ‘ಓದಣ್ಣ, ಏನೈತೆ ಇದ್ರಾಗೆ?’ ಎಂದ. ಉಚ್ಚಂಗೆಪ್ಪ ಗಟ್ಟಿಯಾಗಿ ಓದಿದ. ಅಕ್ಷರ ಒಂದೂ ತಪ್ಪಲಿಲ್ಲ. ಸಾವ್ಕಾರರೂ ತಲೆದೂಗಿದರು. ‘ಸಕಲ ಹಾನಿಗೂ ಎರಡನೇ ಪಾರ್ಟಿಯವರೇ ಬಾಧ್ಯಸ್ಥರಾಗತಕ್ಕದ್ದು’ ಎಂಬ ಸಾಲನ್ನು ಮೇಷ್ಟರ ಹಾಗೆ ನಿಲ್ಲಿಸಿ ನಿಲ್ಲಿಸಿ ಓದಿದ. ಬಾಧ್ಯಸ್ಥ ಅಂದರೇನೋ ಅವನಿಗೆ ಗೊತ್ತಿರಲಿಲ್ಲ. ಎರಡನೇ ಪಾರ್ಟಿ ಅಂದರೆ ಯಾರೆಂದೂ ಗೊತ್ತಿರಲಿಲ್ಲ. ಕೇಳಬಹುದಿತ್ತು, ಬಸವರಾಜಪ್ಪ ಎದುರಿಗೇ ಇದ್ದ. ಆದರೆ ಇಷ್ಟು ಜೋರಾಗಿ ಓದಿ ತೋರಿಸಿದ ಮೇಲೆ ಅರ್ಥ ಕೇಳುವುದು ಹೇಗೆ? ಜುಂಜಪ್ಪ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ. ‘ಏನಂತಣ್ಣ?’ ‘ಎಲ್ಲಾ ಸರಿ ಐತೆ. ನಾವೇ ಮಾಲೀಕ್ರಂತೆ. ಹಾಕು ಸಹಿ.’ ಜುಂಜಪ್ಪ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಜುಂ ಬರೆದು ಒಂದು ಉಸಿರು ಬಿಟ್ಟು, ಜಪ್ಪ ಬರೆದು ಮುಗಿಸಿದ. ಆ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ರಸ್ತೆಯಲ್ಲಿ, ಊಟದಲ್ಲಿ, ಸುಮ್ಮನೆ ಬರುತ್ತದೆ.

ಒಂದು ವಾರಕ್ಕೆ ವ್ಯಾನುಗಳ ಬಾಗಿಲ ಮೇಲೆ ಹೆಸರು ಬಿತ್ತು. ‘ಕಂತ್ರಾಟುದಾರರು: ಉಚ್ಚಂಗೆಪ್ಪ, ಕತ್ತಲಗೆರೆ’ ಎಂದು ಹಳದಿ ಬಣ್ಣದಲ್ಲಿ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಖುಷಿಯಾಗಿತ್ತು. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಅಕ್ಷರಗಳು ಜನಕ್ಕೆ ಕಾಣುವ ಹಾಗೆ ವ್ಯಾನು ತಿರುಗಿಸಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಆರಕ್ಕೆ ನಿಲ್ಲುವುದು, ಕೆಮ್ಮು, ಬೊಗಸೆ ಯಾವುದೂ ತಪ್ಪಲಿಲ್ಲ ನಿಜ. ರಜೆ ಹಾಕಿದರೆ ಬೈಗುಳವೂ ತಪ್ಪಲಿಲ್ಲ. ತಪ್ಪಿದ್ದು ಸಂಬಳ, ಹಬ್ಬದ ಖಾಕಿ ಬಟ್ಟೆ, ಜ್ವರ ಬಂದ ದಿನದ ಕೂಲಿ. ಜೊತೆಗೆ ಟೈರು ಸವೆದರೂ ಖರ್ಚು ಡ್ರೈವರುಗಳದ್ದೇ, ಎಂಜಿನ್ ಕೆಟ್ಟರೂ ಅವರದ್ದೇ. ಜುಂಜಪ್ಪ ಬ್ರೇಕು ಹಿಡಿಯುತ್ತಿಲ್ಲ ಎಂದು ಮೂರು ಬೆಳಿಗ್ಗೆ ಅದೇ ಅಂಗಳದಲ್ಲಿ ನಿಂತು ಹೇಳಿದ. ಮೂರನೇ ಬೆಳಿಗ್ಗೆ ಷಣ್ಮುಖಪ್ಪನವರು ಕೀಲಿ ಕೊಡುತ್ತಾ, ‘ಯಾರ ಹೆಸರೈತಪ್ಪ ಬಾಗಿಲ ಮ್ಯಾಲೆ? ನಿಂದೇ ಅಲ್ವಾ? ಮತ್ತೆ ನನ್ನ ಯಾಕೆ ಕೇಳ್ತೀಯ, ಮಾಡಿಸ್ಕೋ’ ಎಂದರು. ಹಂಗಾದ್ರೆ ಇವತ್ತು ಗಾಡಿ ತೆಗೆಯಲ್ಲ ಸಾವ್ಕಾರ್ರೆ, ಎಂದ ಜುಂಜಪ್ಪ. ‘ತೆಗೀಬ್ಯಾಡ. ಕೀಲಿ ಇಲ್ಲಿಟ್ಟು ಹೋಗು. ನಾಳೆ ಬರೋದೂ ಬ್ಯಾಡ.’ ಜುಂಜಪ್ಪ ಕೀಲಿ ಹಿಡಿದುಕೊಂಡು ವ್ಯಾನಿನ ಕಡೆ ನಡೆದ. ಪಕ್ಕದಲ್ಲಿ ನಿಂತಿದ್ದ ಉಚ್ಚಂಗೆಪ್ಪ ತನ್ನ ಚಪ್ಪಲಿ ನೋಡಿಕೊಂಡಿದ್ದ. ಮಧ್ಯಾಹ್ನ ಜಗಳೂರಿಗೆ ಎರಡು ಮೈಲಿ ಇರುವಾಗ, ಕುರಿಮಂದೆಯೊಂದು ರಸ್ತೆಗೆ ನುಗ್ಗಿ, ತಪ್ಪಿಸಲು ಹೋದ ವ್ಯಾನು ಮೋರಿಯ ಕಟ್ಟೆಗೆ ಬಡಿದು ಮಗುಚಿತು. ಒಂದು ಕುರಿಯೂ ಸಾಯಲಿಲ್ಲ. ಉಚ್ಚಂಗೆಪ್ಪ ಹೋಗಿ ನೋಡಿದಾಗ ಶೇಂಗಾ ಹೊಲದ ತುಂಬ ಕೆಂಪು ಸೋಡಾ ಚೆಲ್ಲಿ, ಬಿಸಿಲಿಗೆ ಬಾಟಲಿಗಳು ಇನ್ನೂ ಒಂದೊಂದಾಗಿ ಸಿಡಿಯುತ್ತಿದ್ದವು. ಮಗುಚಿದ ವ್ಯಾನಿನ ಬಾಗಿಲು ಮೇಲಾಗಿತ್ತು, ಹಳದಿ ಅಕ್ಷರಗಳು ಆಕಾಶಕ್ಕೆ ಮುಖ ಮಾಡಿದ್ದವು. ಪೊಲೀಸಿನವನು ಅದನ್ನು ನೋಡಿಯೇ ಮಹಜರಿನಲ್ಲಿ ಬರೆದುಕೊಂಡ: ವಾಹನದ ಕಂತ್ರಾಟುದಾರ ಜುಂಜಪ್ಪ, ವಾಹನವನ್ನು ಸುಸ್ಥಿತಿಯಲ್ಲಿಡದೆ… ಅಂದರೆ ಜುಂಜಪ್ಪನ ಸಾವಿಗೆ ಜುಂಜಪ್ಪನೇ ಹೊಣೆ. ಬಾಧ್ಯಸ್ಥ ಎಂದರೆ ಏನೆಂದು ಉಚ್ಚಂಗೆಪ್ಪನಿಗೆ ಅಲ್ಲಿ ಅರ್ಥವಾಯಿತು.

ಜುಂಜಪ್ಪನ ಹೆಂಡತಿ ದುರುಗಮ್ಮ ಯಾರ ಮಾತು ಕೇಳಿಯೋ ಶಿವಮೊಗ್ಗಕ್ಕೆ ಹೋಗಿ ಕಾರ್ಮಿಕ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟುಬಂದಳು. ಗಂಡ ನೌಕರ ಎಂದು ಗೊತ್ತಾದರೆ ಸಾವ್ಕಾರರು ಕೊಡಬೇಕು, ಕಂತ್ರಾಟುದಾರ ಎಂದಾದರೆ ಏನೂ ಇಲ್ಲ. ಹೊನ್ನಾಳಿ ಲೈನಿನ ಡ್ರೈವರು ಊರು ಬಿಟ್ಟಿದ್ದ. ಸಾಕ್ಷಿಗೆ ಉಳಿದವನು ಉಚ್ಚಂಗೆಪ್ಪ ಒಬ್ಬನೇ. ಮೊನ್ನೆ ಅವಳು ಕತ್ತಲಗೆರೆಗೆ ಬಂದು ಅವನ ಮನೆಯ ಕಟ್ಟೆಯ ಮೇಲೆ, ಹೆಂಡತಿ ಗಿಡ್ಡಮ್ಮನ ಪಕ್ಕ ಕಾಲು ನೀಡಿ ಕೂತು, ಎಲೆ ಅಡಿಕೆ ಹಾಕಿಕೊಂಡು, ‘ಅಣ್ಣ, ನೀನು ಇದ್ದದ್ದು ಇದ್ದಂಗೆ ಹೇಳಿದ್ರೆ ಸಾಕು. ಬ್ಯಾರೆ ಏನೂ ಬ್ಯಾಡ’ ಎಂದಳು. ಅಣ್ಣ ಎನ್ನುವುದು ಅವಳಿಗೆ ಬಾಯಿಮಾತಲ್ಲ, ಪಂಚಮಿ ಹಬ್ಬಕ್ಕೆ ತವರೆಂದು ಅವನ ಮನೆಗೇ ಬರುತ್ತಿದ್ದವಳು. ಹೇಳ್ತೀನಿ ತಂಗಿ, ಎಂದಿದ್ದ. ನಿನ್ನೆ ಬಿಳಿ ಅಂಗಿ ನೋಡಿದ ಮೇಲೆ ಗಿಡ್ಡಮ್ಮ ಬಾಯಿ ಬಿಟ್ಟಳು. ‘ಆಕೆಗೆ ಏನ್ ಹೇಳಿದೀಯ ನೆನಪೈತಾ?’ ‘ಐತೆ.’ ‘ಮತ್ತೆ ಇದು?’ ‘ಅಂಗಿ ಹಾಕ್ಕಂಡ್ರೆ ಸುಳ್ಳು ಹೇಳ್ಬೇಕು ಅಂತ ಐತೇನೇ? ನಿಜ ಹೇಳಿದ್ರೆ ನಾಳೆ ಕೀಲಿ ಇರಲ್ಲ, ಅದನ್ನಾರ ತಿಳ್ಕಂಡೀಯಾ?’ ಅವಳು ‘ಕೀಲಿ ಹೋದ್ರೆ ಹೊಲದಾಗೆ ಕೂಲಿ ಐತೆ. ನಾನೇನು ಮಾಡ್ತಿಲ್ವಾ?’ ಎಂದಳು. ಹೆಂಗಸಿಗೆ ಎಷ್ಟು ಸುಲಭ, ಎಂದುಕೊಂಡು ಅವನಿಗೆ ಸಿಟ್ಟು ಬಂತು. ಈಗ ಪ್ರವಾಸಿ ಮಂದಿರದ ಗೇಟಿನಲ್ಲಿ ವ್ಯಾನು ತಿರುಗಿಸುವಾಗ ಅವನು ಒಂದು ಉಪಾಯ ಕಂಡುಕೊಂಡಿದ್ದ. ಬಾಯಿಬಿಟ್ಟು ಏನೂ ಹೇಳುವುದೇ ಬೇಡ. ಕುರ್ಚಿಯನ್ನು ಬಿಚ್ಚಿ ಹಾಕುವುದು, ಕೂರದೆ ಸುಮ್ಮನೆ ನಿಂತುಬಿಡುವುದು. ಸಾವ್ಕಾರರೇ ಹೇಳಿದ್ದಾರಲ್ಲ, ನಿಂತರೆ ಮತ್ತೇನೂ ಕೇಳುವುದೇ ಬೇಡ ಅಂತ. ಹೆದರಿ ನಿಂತೆ ಎನ್ನಬಹುದು, ಮರೆತು ನಿಂತೆ ಎನ್ನಬಹುದು. ದುರುಗಮ್ಮನಿಗೂ ಮೋಸವಿಲ್ಲ.

ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕಾರ್ಮಿಕ ಇಲಾಖೆಯ ಸಾಹೇಬರು ಕೂತಿದ್ದರು, ಸಣಕಲು ಮನುಷ್ಯ, ಮಂಡಿಯ ಮೇಲೆ ಫೈಲು. ಪಕ್ಕದಲ್ಲಿ ಷಣ್ಮುಖಪ್ಪನವರು. ದುರುಗಮ್ಮ ಕೆಳಗಿನ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಿದ್ದಳು. ಅಡ್ಡಾಡುವ ಜನ ಏಳೆಂಟು ಮಂದಿ ಕಾಂಪೌಂಡಿಗೆ ಒರಗಿ ನೋಡುತ್ತಿದ್ದರು. ಸಾಹೇಬರು ಅವಳನ್ನು ಕೇಳಿದರು, ನಿನ್ನ ಗಂಡ ನೌಕರ ಅಂತ ಹೆಂಗಮ್ಮ ಹೇಳ್ತೀಯ, ಕಾಗದದಲ್ಲಿ ಹಾಗಿಲ್ಲವಲ್ಲ? ‘ಕಾಗದ ನಂಗೆ ಓದಾಕೆ ಬರಲ್ಲ ಸಾರ್’ ಎಂದಳು ದುರುಗಮ್ಮ. ‘ದಿನಾ ಆರಕ್ಕೆ ಹೋಗಿ ಅಂಗಳದಾಗೆ ನಿಂತ್ಕೋಬೇಕು. ಇವರು ಬಂದು ಕೆಮ್ಮಬೇಕು. ಕೆಮ್ಮಿದ ಮ್ಯಾಲೆ ಕೈ ಒಡ್ಡಿ ಕೀಲಿ ಇಸ್ಕೋಬೇಕು. ತಮ್ಮ ಗಾಡಿ ಕೀಲಿ ತಾವೇ ಯಾರಾದ್ರೂ ಹಂಗೆ ಇಸ್ಕೋತಾರೇನ್ರಿ? ನನ್ನ ಗಂಡ ಹಂಗೇ ನಿಂತಾನೆ, ಈ ಅಣ್ಣನೂ ನಿಂತಾನೆ. ಕೇಳ್ರಿ ಬೇಕಾದ್ರೆ.’ ಸಾಹೇಬರು ಉಚ್ಚಂಗೆಪ್ಪನ ಕಡೆ ತಿರುಗಿದರು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ. ನಿಂತೇ ಇದ್ದ. ಆಗಿಹೋಯಿತು, ಎಂದುಕೊಂಡ, ಕಂಡೇ ಕಾಣುತ್ತದೆ ಇವರಿಗೆ. ಆದರೆ ಸಾಹೇಬರು ಕನ್ನಡಕ ಸರಿಮಾಡಿಕೊಂಡು, ‘ಉಚ್ಚಂಗೆಪ್ಪನವರು ಅಂದ್ರೆ ತಾವೇನಾ? ಯಾಕೆ ನಿಂತ್ರಿ, ಕೂತ್ಕೊಳ್ರಿ’ ಎಂದರು. ಷಣ್ಮುಖಪ್ಪನವರು ತಾವೇ ಎದ್ದು, ಕಬ್ಬಿಣದ ಕುರ್ಚಿಯನ್ನು ಅವನ ಕೈಯಿಂದ ಬಿಡಿಸಿ, ತಮ್ಮ ಕುರ್ಚಿಯ ಸಮಕ್ಕೆ ಎಳೆದು ಹಾಕಿ, ಹೆಗಲ ಮೇಲಿನ ವಲ್ಲಿಯಿಂದ ಅದರ ಧೂಳು ಹೊಡೆದರು. ‘ಕೂತ್ಕೊಳ್ರಿ ಉಚ್ಚಂಗೆಪ್ಪನೋರೆ.’

ಉಚ್ಚಂಗೆಪ್ಪನೋರೆ! ಕಾಂಪೌಂಡಿಗೆ ಒರಗಿದವರು ಕೇಳಿಸಿಕೊಂಡರು. ಸಾವ್ಕಾರರ ವಲ್ಲಿ, ಯಾವ ವಲ್ಲಿಯ ಗಾಳಿ ಸೋಕಿದರೂ ಅಪ್ಪ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದನೋ ಅಂಥ ವಲ್ಲಿ, ಅವನು ಕೂರುವ ಜಾಗವನ್ನು ಒರೆಸಿತ್ತು. ನಾಟಕ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆ ಉಬ್ಬಿತು, ಕಣ್ಣು ಕೂಡ ಒದ್ದೆಯಾಯಿತು, ನಾಚಿಕೆಗೆಟ್ಟ ಕಣ್ಣು. ಕೂತ. ಕುಂಡೆಯ ತುದಿಯಲ್ಲಲ್ಲ, ಪೂರ್ತಿ ಕೂತ. ಒರಗಿ ಕೂತ. ಅಪ್ಪ ಇದ್ದಿದ್ದರೆ ನೋಡುತ್ತಿದ್ದ. ಜಗಲಿಯಿಂದ ಎಲ್ಲರ ತಲೆಗಳೂ ಕೆಳಗೆ ಕಾಣುತ್ತಿದ್ದವು, ದುರುಗಮ್ಮನ ಬೈತಲೆಯೂ ಕಾಣುತ್ತಿತ್ತು, ಕುಂಕುಮವಿಲ್ಲದ್ದು. ‘ಹೇಳಿ, ತಾವು ನೌಕರರೋ ಕಂತ್ರಾಟುದಾರರೋ?’ ‘ಕಂತ್ರಾಟುದಾರ ಸಾರ್.’ ಬಾಯಿ ತಾನಾಗಿ ಹೇಳಿತು. ಹಾಗೆ ಕೂತವನು ಬೇರೇನು ಹೇಳಲು ಸಾಧ್ಯ? ‘ಜುಂಜಪ್ಪ?’ ‘ಅವನೂ.’ ‘ಕಾಗದ ಓದಿ ತಿಳಿದೇ ಸಹಿ ಮಾಡಿದಿರಾ?’ ‘ನಾನೇ ಓದಿ ಹೇಳಿದೆ ಸಾರ್.’ ಆ ದಿನವೆಲ್ಲ ಅವನು ಹೇಳಿದ ನಿಜ ಅದೊಂದೇ.

ಸಾಹೇಬರ ಪೆನ್ನು ಓಡುತ್ತಿತ್ತು. ಷಣ್ಮುಖಪ್ಪನವರಿಗೆ ನಿರಾಳವಾಯಿತೋ ಏನೋ, ಎಲ್ಲ ಸುಸೂತ್ರವಾಯಿತೆಂಬ ಭರದಲ್ಲಿ ಎದೆ ತುಂಬ ಉಸಿರು ತೆಗೆದುಕೊಂಡು ಒಮ್ಮೆ ಕೆಮ್ಮಿದರು. ಬೇಕೆಂದು ಕೆಮ್ಮಿದ್ದಲ್ಲ. ಉಚ್ಚಂಗೆಪ್ಪ ಎದ್ದು ನಿಂತಿದ್ದ. ನಿಂತದ್ದಷ್ಟೇ ಅಲ್ಲ, ಎರಡೂ ಕೈ ಬೊಗಸೆಯಾಗಿ ಮುಂದೆ ಬಂದಿದ್ದವು. ಪೆನ್ನು ನಿಂತಿತು. ಸಾಹೇಬರು ಅವನ ಬೊಗಸೆ ನೋಡಿದರು, ಷಣ್ಮುಖಪ್ಪನವರನ್ನು ನೋಡಿದರು, ಮೆಟ್ಟಿಲ ಮೇಲಿನ ಹೆಂಗಸನ್ನು ನೋಡಿದರು. ದುರುಗಮ್ಮನ ಮುಖ ಅರಳಿತ್ತು. ಸಾಹೇಬರು ಫೈಲು ಮುಚ್ಚಿ ಬಹಳ ಮೆಲ್ಲಗೆ, ಜಾರಿಬೀಳುವ ಪಾತ್ರೆಯನ್ನು ಹಿಡಿಯುವವರ ಹಾಗೆ ಕೇಳಿದರು: ‘ಯಾಕ್ರಿ ಎದ್ರಿ?’

ಕಾಂಪೌಂಡಿನಾಚೆ ಬಸ್ಸೊಂದು ಹಾರನ್ನು ಮಾಡಿ ಹೋಯಿತು. ಈಗ ಅವನು ಏನೂ ಹೇಳಬೇಕಿರಲಿಲ್ಲ. ಹಾಗೇ ನಿಂತಿದ್ದರೆ ಸಾಕಿತ್ತು, ಅವನ ಮೊಣಕಾಲು ಅವನಿಗಿಂತ ಮೊದಲು ನಿಜ ಹೇಳಿಬಿಟ್ಟಿತ್ತು. ಮೊದಲ ಸಲ ಸುಳ್ಳು ಹೇಳಿದ್ದು ಕುರ್ಚಿಯ ಸುಖದಲ್ಲಿ, ಅದನ್ನು ದೇವರೂ ಕ್ಷಮಿಸಬಹುದು. ಈಗ ಆ ಸುಖ ಇರಲಿಲ್ಲ. ತಲೆ ತಣ್ಣಗಿತ್ತು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ನಾಳೆ ಬೆಳಗಿನ ಅಂಗಳ, ಬೇರೆ ಯಾವನೋ ಬೊಗಸೆಗೆ ಬೀಳುವ ಕೀಲಿ, ಸೀಟಿನ ಮೇಲೆ ಬೇರೆ ಯಾವನೋ, ಕೂಲಿಗೆ ಹೊರಟ ತನ್ನನ್ನು ಕಂಡು ಸಣ್ಣತಿಮ್ಮಪ್ಪ ಹೇಳುವ ಮಾತು. ದುರುಗಮ್ಮ ಮೆಟ್ಟಿಲ ಮೇಲೆ ಒಂದಿಷ್ಟು ಮುಂದೆ ಬಾಗಿದಳು. ಅವನು ಕೈಗಳನ್ನು ಕೆಳಗಿಳಿಸಿ ಪಂಚೆಗೆ ಒರೆಸಿಕೊಂಡ.

‘ಕಾಲು ಜೋಮು ಹಿಡಿದಿತ್ತು ಸಾರ್’ ಎಂದ.

ಸಾಹೇಬರು ಅವನನ್ನೇ ನೋಡಿದರು. ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಬರೆಯಲು ಫೈಲಿನಲ್ಲಿ ಜಾಗವಿರಲಿಲ್ಲ. ಅವನು ಹೇಳಿದ್ದಕ್ಕೆ ಸಹಿ ಮಾಡಿಸಿಕೊಂಡರು. ಅಕ್ಷರ ಚೆನ್ನಾಗಿದೆ, ಎಂದರು. ನೀರು ಕುಡಿದು ಜೀಪು ಹತ್ತಿದರು. ಜೀಪಿನ ಧೂಳು ಗೇಟು ದಾಟುವವರೆಗೆ ಷಣ್ಮುಖಪ್ಪನವರು ನಗುಮುಖದಿಂದ ಕೈ ಮುಗಿದಿದ್ದು, ಆಮೇಲೆ ತಿರುಗಿ, ‘ಲೇ ಉಚ್ಚಂಗಿ, ನಿಂತು ಏನ್ ನೋಡ್ತೀಯ? ಕುರ್ಚಿ ಎತ್ತಿ ವ್ಯಾನಿಗೆ ಹಾಕು. ಖಾಲಿ ಇಳಿಸಿ ಲೋಡ್ ಹಾಕ್ಕಂಡು ಹೊರಡು, ನ್ಯಾಮತಿ ಲೈನು ತಡ ಆತು. ಅಂಗಿ ಒಗೆದು ಇಸ್ತ್ರಿ ಮಾಡಿಸಿ ತಂದುಕೊಡು’ ಎಂದರು. ಉಚ್ಚಂಗೆಪ್ಪ ಕುರ್ಚಿ ಮಡಿಸಿದ. ಅದರ ಮೇಲೆ ಅವನ ಮೈಯ ಬಿಸಿ ಇನ್ನೂ ಇತ್ತು. ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲ ಕಡೆ ನಡೆದ. ದುರುಗಮ್ಮ ಅಲ್ಲೇ ಕೂತಿದ್ದಳು. ಬೈಯಲಿ, ಎಂದುಕೊಂಡ. ಮಣ್ಣು ತೂರಲಿ, ನಿನ್ನ ವಂಶ ಹಾಳಾಗ ಅನ್ನಲಿ, ತಂಗಿ ಅಲ್ಲವೇ, ಅನ್ನಲು ಹಕ್ಕಿದೆ. ಅವನು ಅವಳ ಹತ್ತಿರ ಬಂದ. ಅವಳು ಸೆರಗು ಸರಿಮಾಡಿಕೊಂಡು ದಡಬಡ ಎದ್ದಳು. ಎದ್ದು, ಮೆಟ್ಟಿಲ ಒಂದು ಬದಿಗೆ ಸರಿದು, ಅವನಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ಎರಡೂ ಕೈ ಜೋಡಿಸಿ ನಿಂತಳು.

‘ಹೋಗ್ಬರ್ರಿ ಸಾವ್ಕಾರ್ರೆ’ ಎಂದಳು.

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮೊನ್ನೆ ಅವನ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದ ಹೆಂಗಸು ಇವಳು. ಕೂತ್ಕೋ ತಂಗಿ, ಎನ್ನಬೇಕೆಂದು ಉಚ್ಚಂಗೆಪ್ಪ ಬಾಯಿ ತೆರೆದ. ಹಿಂದೆ ಜಗಲಿಯ ಮೇಲೆ ಷಣ್ಮುಖಪ್ಪನವರು ಕೆಮ್ಮಿದರು. ಅವನು ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಬೇಗಬೇಗ ಮೆಟ್ಟಿಲಿಳಿದ.